ಐವರಿಗೆ ಒಂದೇ ಮೈಕು

ಅಮೆರಿಕದಿಂದ ಬರಲಿದ್ದ, ಬ್ಲೂಗ್ರಾಸ್ ಎಂಬ ಅಲ್ಲಿನ ಹಳ್ಳಿಗಾಡಿನ ಸಂಗೀತ ನುಡಿಸುವ ತಂಡದ ಸ್ಟೇಜ್ ಪ್ಲಾನ್ ನನ್ನ ಫೋನಿಗೆ ಬಂದಾಗ ನಾನು ಮಸ್ಕತ್ತಿನ ವಾದಿ ಅದಾಯ್‌ನ ನಮ್ಮ ಗೋದಾಮಿನಲ್ಲಿ ನೆಲದ ಮೇಲೆ ಕೂತು ಕೇಬಲ್ ತುದಿಗಳಿಗೆ ಬೆಸುಗೆ ಹಾಕುತ್ತಿದ್ದೆ. ಐದು ಜನರ ತಂಡ. ಬ್ಯಾಂಜೋ, ಪಿಟೀಲು, ಮ್ಯಾಂಡೊಲಿನ್, ಗಿಟಾರು, ಜೊತೆಗೆ ಆಳೆತ್ತರದ ನಿಂತು ನುಡಿಸುವ ಬೇಸು. ಡ್ರಮ್ಮು ಇಲ್ಲ, ಕೀಬೋರ್ಡ್ ಇಲ್ಲ. ಚಿತ್ರದಲ್ಲಿ ಐದು ಸೊನ್ನೆಗಳಿದ್ದವು, ನಡುವೆ ಒಂದು ಚುಕ್ಕೆ. ಚುಕ್ಕೆಯ ಪಕ್ಕದಲ್ಲಿ ‘ಮೈಕ್’ ಎಂದು ಬರೆದಿತ್ತು. ಉಳಿದ ಮೈಕುಗಳ ಪುಟ ಎಲ್ಲಿ ಎಂದು ಹುಡುಕಿದೆ. ಅಂಥ ಪುಟವೇ ಇರಲಿಲ್ಲ.

ಎದ್ದು ಹೋಗಿ ಧಣಿಗೆ ತೋರಿಸಿದೆ. ಧಣಿ ಎಂದರೆ ನಮ್ಮ ಸೌಂಡ್ ಕಂಪನಿಯ ಮಾಲೀಕರು. ಮಲ್ಪೆ ಕಡೆಯವರು, ಮನೆಮಾತು ತುಳು. ಮಸ್ಕತ್ತಿಗೆ ಬರುವ ಮೊದಲು ಊರಿನ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದರು. ಅದನ್ನು ದಿನಕ್ಕೊಮ್ಮೆ ನಮಗೆ ನೆನಪಿಸದಿದ್ದರೆ ಅವರಿಗೆ ಉಂಡದ್ದು ಜೀರ್ಣವಾಗುವುದಿಲ್ಲ. ನಾನು ಮಂಗಳೂರಿನ ಕೊಂಕಣಿಯವಳಾದ್ದರಿಂದ ಅವರ ಬಾಯಲ್ಲಿ ‘ಬಾಯಮ್ಮ.’

“ಐದು ಜನಕ್ಕೆ ಒಂದು ಮೈಕಾ? ಎಂಥ ಬಾಯಮ್ಮ, ಇವರು ಹಾಡ್ಲಿಕ್ಕೆ ಬರುದಾ, ಭಾಷಣ ಮಾಡ್ಲಿಕ್ಕಾ?” ಎಂದು ಧಣಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆಮೇಲೆ ನನ್ನ ನಗು ನಿಂತಿತು, ಯಾಕೆಂದರೆ ಆ ಕೆಲಸ ನನ್ನದಾಗಿತ್ತು.

ಅದು ನನಗೆ ಸುಮ್ಮನೆ ಸಿಕ್ಕಿದ ಕೆಲಸವೂ ಅಲ್ಲ. ಕಂಪನಿಗೆ ಸೇರಿದ ದಿನದಿಂದ ನಾನು ಹಾಲಿನವಳು, ಅಂದರೆ ಸಭಾಂಗಣದೊಳಗಿನ ಕೆಲಸದವಳು. ಹೋಟೆಲುಗಳ ಸೆಮಿನಾರು, ಬ್ಯಾಂಕಿನವರ ಮೀಟಿಂಗು, ಕೋಟಿಗೆ ಸಿಕ್ಕಿಸುವ ಪುಟ್ಟ ಮೈಕು, ‘ಹಲೋ ಹಲೋ ಚೆಕ್.’ ಚಳಿಗಾಲ ಬಂದು ಬಯಲಿನ ದೊಡ್ಡ ಕಾರ್ಯಕ್ರಮಗಳು ಶುರುವಾದರೆ ಧಣಿ ದುಬೈಯಿಂದ ಒಬ್ಬ ಇಂಜಿನಿಯರನ್ನು ಕರೆಸುತ್ತಿದ್ದರು. ಅವನು ಕಪ್ಪು ಕನ್ನಡಕ ಹಾಕಿಕೊಂಡು ಸದ್ದು ಏರಿಸಿ ಇಳಿಸುವ ಮಿಕ್ಸಿಂಗ್ ಡೆಸ್ಕಿನ ಮುಂದೆ ನಿಲ್ಲುವುದು, ನಾನು ಅವನಿಗೆ ಕೇಬಲ್ ಎಳೆದು ಕೊಡುವುದು. ಈ ಸಲ ನನಗೆ ತಡೆಯಲಾಗಲಿಲ್ಲ. ನೇರ ಒಳಗೆ ಹೋಗಿ ಕೇಳಿದ್ದೆ. ಧಣಿ ಒಂದು ಗಳಿಗೆ ಯೋಚಿಸಿ ಹೇಳಿದ್ದರು: “ಬರ್ಕಾದ ತೋಟದಲ್ಲಿ ಆ ಅಮೆರಿಕದವರದ್ದು ಉಂಟಲ್ಲ, ಅದೊಂದು ನೀವು ಮಾಡಿ. ಕಡೇ ಸಾಲಿನವರಿಗೆ ಸರಿ ಕೇಳ್ಬೇಕು, ಅಷ್ಟೇ. ಕೇಳ್ಲಿಲ್ಲ ಅಂತ ಆದ್ರೆ ಇಡೀ ಸೀಸನ್ ದುಬೈಯವನಿಗೆ. ನೀವು ವಾಪಸ್ ಹಾಲಿಗೆ. ಮತ್ತೆ ನನ್ನತ್ರ ಈ ಮಾತು ತೆಗೀಲಿಕ್ಕಿಲ್ಲ.”

ಸರಿ ಎಂದಿದ್ದೆ. ಆಗ ನನಗೆ ಒಂದೇ ಮೈಕಿನ ಸಂಗತಿ ಗೊತ್ತಿರಲಿಲ್ಲ. ಪ್ಲಾನ್ ಬಂದ ದಿನ ಸಂಜೆ ಅಲ್ ಹೈಲ್‌ನ ನಮ್ಮ ಮನೆಗೆ ಹೋಗಿ ಮಗಳಿಗೆ ಅದನ್ನು ತೋರಿಸಿದರೆ, “ಕೂಲ್ ಮಮ್ಮಾ, ಲೆಸ್ ವರ್ಕ್” ಎಂದು ಫೋನ್ ವಾಪಸು ಕೊಟ್ಟಳು. ಇಂಡಿಯನ್ ಸ್ಕೂಲಿನಲ್ಲಿ ಅದೇನು ಕಲಿಸುತ್ತಾರೋ!

ಕೆಲಸ ಕಡಿಮೆ ಅಲ್ಲ, ಎಷ್ಟೋ ಪಾಲು ಹೆಚ್ಚು. ಯಾಕೆಂದು ಹೇಳುತ್ತೇನೆ. ಐವರಿಗೂ ಬೇರೆ ಬೇರೆ ಮೈಕು ಕೊಟ್ಟರೆ ಪ್ರತಿಯೊಂದೂ ವಾದ್ಯಕ್ಕೆ ಅಂಟಿಕೊಂಡಿರುತ್ತದೆ, ಸದ್ದು ಎಷ್ಟು ಬೇಕಾದರೂ ಏರಿಸಬಹುದು. ಒಂದೇ ಮೈಕು ನಡುವೆ ನಿಂತು ಐವರನ್ನೂ ಕೇಳಬೇಕಾದರೆ ಅದರ ಕಿವಿ ಬಹಳ ಚುರುಕಾಗಿರಬೇಕು. ಚುರುಕು ಕಿವಿಯ ಮೈಕು ಹಾಡುವವರನ್ನು ಮಾತ್ರ ಕೇಳುವುದಿಲ್ಲ. ಗಾಳಿಯನ್ನು ಕೇಳುತ್ತದೆ, ನಮ್ಮದೇ ಸ್ಪೀಕರನ್ನೂ ಕೇಳುತ್ತದೆ. ಸ್ಪೀಕರಿನ ಸದ್ದು ಮೈಕಿಗೆ ಹೋಗಿ, ಮೈಕಿನದು ಮತ್ತೆ ಸ್ಪೀಕರಿಗೆ ಬಂದು, ಕೊನೆಗೆ ಕಿವಿ ಹರಿದುಹೋಗುವ ಹಾಗೆ ಕೂಗು ಏಳುತ್ತದೆ. ಮದುವೆ ಮನೆಗಳಲ್ಲಿ ಎಲ್ಲರೂ ಕೇಳಿದ್ದೀರಿ.

ತಂಡ ಎರಡು ದಿನ ಮೊದಲೇ ಬಂತು. ಸೀದಾ ಗೋದಾಮಿಗೆ ಬಂದರು. ತಂಡದ ಯಜಮಾನಿ ಬ್ಯಾಂಜೋ ನುಡಿಸುವ ಹೆಂಗಸು, ನನ್ನದೇ ವಯಸ್ಸು, ಮಾತು ಕಡಿಮೆ, ನಗು ಜಾಸ್ತಿ. ನಮ್ಮ ಹಳೆಯ ಕೆಲಸಗಾರ ಕಾಕ ಅವರಿಗಾಗಿ ರತ್ನಗಂಬಳಿ ಹಾಸಿ, ಒಬ್ಬೊಬ್ಬರ ಕಾಲಿನ ಹತ್ತಿರ, ಹಾಡುವವರಿಗೆ ತಮ್ಮ ಸ್ವರ ತಮಗೇ ಕೇಳಿಸುವ ಮಾನಿಟರ್ ಸ್ಪೀಕರ್ ಒಂದೊಂದು ಇಟ್ಟಿದ್ದರು. ಕಾಕ ಉಳ್ಳಾಲದ ಬ್ಯಾರಿ. ಇಲ್ಲಿಗೆ ಬರುವ ನಮ್ಮ ದೇಶದ ಗಾಯಕರೆಲ್ಲ ಹಾಡುವ ಮೊದಲೇ “ಮಾನಿಟರ್ ಜಾಸ್ತಿ ಮಾಡಿ” ಎಂದು ಗಲಾಟೆ ಮಾಡುವುದನ್ನು ನೋಡಿ ನೋಡಿ, ಮಾನಿಟರ್ ಇಡದಿದ್ದರೆ ಕಲಾವಿದರಿಗೆ ಮರ್ಯಾದೆ ಕೊಟ್ಟ ಹಾಗಲ್ಲ ಎಂಬುದು ಅವರ ಲೆಕ್ಕ. ಬ್ಯಾಂಜೋದವಳು ಒಂದೊಂದನ್ನೇ ಎತ್ತಿ ನಾಜೂಕಾಗಿ ಗೋಡೆಯ ಬದಿಗೆ ಇಟ್ಟಳು.

“ಇವರಿಗೆ ಮುನಿಸಾ ಮಗಳೇ?” ಎಂದು ಕಾಕ ನನ್ನ ಕಿವಿಯಲ್ಲಿ ಕೇಳಿದರು.

ಮುನಿಸಲ್ಲ. ಅವರು ನುಡಿಸಲು ಶುರುಮಾಡಿದ ಮೇಲೆ ನಮಗೆ ತಿಳಿಯಿತು. ಐವರೂ ಮೈಕಿನ ಸುತ್ತ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತರು. ಹಾಡುವವರು ಮುಂದೆ ಬಂದರು. ಪಿಟೀಲಿನವನು ತನ್ನ ಸರದಿ ಬಂದಾಗ ಒಳಗೆ ಜಾರಿದ, ಹಾಡುತ್ತಿದ್ದವಳು ಅರ್ಧ ಹೆಜ್ಜೆ ಹಿಂದೆ ಹೋದಳು, ಗಿಟಾರಿನ ಕತ್ತು ಅವನ ಕಂಕುಳಡಿಯಲ್ಲಿ ತೂರಿ ಹೊರಗೆ ಬಂತು. ಯಾರೂ ಯಾರಿಗೂ ಡಿಕ್ಕಿ ಹೊಡೆಯಲಿಲ್ಲ. ಬೇಸಿನವನು ಹಿಂದೆಯೇ ನಿಂತ. ನಾನು ಡೆಸ್ಕಿನಲ್ಲಿ ಬೆರಳಿಟ್ಟುಕೊಂಡು ಕಾದೆ. ಏರಿಸಲಿಕ್ಕೂ ಇಳಿಸಲಿಕ್ಕೂ ಏನೂ ಇರಲಿಲ್ಲ.

“ನಮ್ಮ ವಾಲ್ಯೂಮ್ ಇರುವುದು ನಮ್ಮ ಪಾದಗಳಲ್ಲಿ” ಎಂದಳು ಬ್ಯಾಂಜೋದವಳು, ಇಂಗ್ಲಿಷಿನಲ್ಲಿ.

ಹಾಗಾದರೆ ಇವರು ಶುದ್ಧ ಸಂಪ್ರದಾಯಸ್ಥರು ಎಂದುಕೊಂಡೆ. ಅದೂ ತಪ್ಪು. ಅವರ ಊರಿನಲ್ಲಿ ಹಳಬರು ಇವರಿಗೆ ಬೈಯುತ್ತಾರಂತೆ. ಯಾಕೆಂದರೆ ಬ್ಲೂಗ್ರಾಸಿನವರು ಹಾಡಲೇಬೇಕಾದ ಹಳೆಯ ಹಾಡುಗಳನ್ನು ಇವರು ಹಾಡುವುದು ಅಪರೂಪ. ಹೋದ ಊರಿನಲ್ಲಿ ಯಾರಾದರೂ ಒಬ್ಬರನ್ನು ಹಿಡಿದು, ಅವರಿಂದ ಒಂದು ಹಾಡು ಕಲಿತು, ಕಾರ್ಯಕ್ರಮದಲ್ಲಿ ಅವರನ್ನೇ ಮೈಕಿನ ಮುಂದೆ ನಿಲ್ಲಿಸಿ ಸುತ್ತ ನುಡಿಸುತ್ತಾರೆ. “ಹಾಡು ಊರಿಂದ ಊರಿಗೆ ಬದಲಾಗಲಿ. ಒಬ್ಬರಿಗಾಗಿ ಇನ್ನೊಬ್ಬರು ಹಿಂದೆ ಸರಿಯುವುದು ಬದಲಾಗಬಾರದು. ನಾವು ಅದನ್ನೇ ಸಂಪ್ರದಾಯ ಅನ್ನುತ್ತೇವೆ” ಎಂದಳು. ಆ ಮಾತು ನನಗೆ ಬಹಳ ಹಿಡಿಸಿತು. ಆಮೇಲೆ ಅವಳು ಕೇಳಿದಳು: “ನಿಮ್ಮಲ್ಲಿ ಯಾರು ಹಾಡುತ್ತೀರಿ?”

ಕಾಕ, ನಾನು, ಡ್ರೈವರ್, ಎಲ್ಲರ ಬೆರಳೂ ಧಣಿಯ ಕಡೆಗೆ ಹೋಯಿತು. ದಿನಾ ಕೊರೆಸಿಕೊಂಡವರ ಸೇಡು ಎಂದೇ ಇಟ್ಟುಕೊಳ್ಳಿ.

ಧಣಿಗೆ ಒಳಗೊಳಗೆ ಖುಷಿ. ಗಂಟಲು ಸರಿಮಾಡಿಕೊಂಡು ಒಂದು ಸಿನಿಮಾ ಹಾಡು ಎತ್ತಿದರು. ಬ್ಯಾಂಜೋದವಳು ಪೂರ್ತಿ ಕೇಳಿ, ಚಪ್ಪಾಳೆ ತಟ್ಟಿ, ತಲೆ ಅಲ್ಲಾಡಿಸಿದಳು. “ಸ್ಟೇಜಿಗಾಗಿ ಕಲಿತದ್ದು ಬೇಡ. ಅದಕ್ಕೂ ಮೊದಲು ಮನೆಯಲ್ಲಿ ಕೇಳಿದ್ದು?”

“ಮನೇಲಿ ಎಂಥ ಹಾಡು ಮಾರಾಯ್ರೆ, ಬೈಗುಳ ಬಿಟ್ಟು ಬೇರೆ ಕೇಳ್ಲಿಲ್ಲ ನಾನು,” ಎಂದರು ಧಣಿ ನನ್ನ ಕಡೆ ತಿರುಗಿ. ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಸ್ವಲ್ಪ ಹೊತ್ತು ಗೋಡೆ ನೋಡಿದವರು, “ಅಪ್ಪ ಕೈರಂಪಣಿ ಎಳೀವಾಗ ಒಂದು ಹೇಳ್ತಿದ್ರು. ಅದು ಹಾಡಲ್ಲ, ಬೊಬ್ಬೆ,” ಎಂದರು. ಕೈರಂಪಣಿ ಎಂದರೆ ದಡದಿಂದ ಎಳೆಯುವ ಉದ್ದನೆಯ ಬಲೆ. ಊರಿನ ಗಂಡಸರೆಲ್ಲ ಹಗ್ಗ ಹಿಡಿದು ಮರಳಿನ ಮೇಲೆ ಸಾಲಾಗಿ ನಿಂತು ಎಳೆಯಬೇಕು. ಒಬ್ಬ ಸಾಲು ಹೇಳುತ್ತಾನೆ, ಉಳಿದವರು ‘ಹೋಯ್’ ಎಂದು ಎಳೆಯುತ್ತಾರೆ. ಬ್ಯಾಂಜೋದವಳ ಕಣ್ಣು ಅರಳಿತು.

ಆದರೆ ಧಣಿ ಮೈಕಿನ ಮುಂದೆ ಬಂದದ್ದೇ ಎಡವಟ್ಟಾಯಿತು. ಆರ್ಕೆಸ್ಟ್ರಾದವರ ಅಭ್ಯಾಸ: ಮೈಕನ್ನು ಕೈಯಲ್ಲಿ ಹಿಡಿದು ತುಟಿಗೆ ತಾಗಿಸಿಕೊಂಡೇ ಹಾಡುವುದು. ಧಣಿ ಆ ಚುರುಕು ಕಿವಿಯ ಮೈಕಿನ ಕುತ್ತಿಗೆ ಹಿಡಿದು ಬಾಯಿಗೆ ಎಳೆದುಕೊಂಡು ‘ಹೋಯ್’ ಎಂದರು. ಸ್ಪೀಕರ್ ಚೀರಿತು. ಕಾಕ ಎರಡೂ ಕಿವಿ ಮುಚ್ಚಿಕೊಂಡರು. ಪಿಟೀಲಿನವನು ಧಣಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅವರನ್ನು ಎರಡು ಹೆಜ್ಜೆ ಹಿಂದಕ್ಕೆ ಕರೆದೊಯ್ದ. “ಅಷ್ಟು ದೂರದಿಂದ ಎಂಥ ಕೇಳ್ತದೆ? ಸ್ಟೇಜಲ್ಲಿ ನಾನು ನೋಡ್ಕೊಳ್ತೇನೆ, ಬಿಡಿ,” ಎಂದು ಧಣಿ ಕೈಕೊಡವಿದರು. ನನಗೆ ಆ ‘ನೋಡ್ಕೊಳ್ತೇನೆ’ ಕೇಳಿಯೇ ಹೆದರಿಕೆ.

ಕಾರ್ಯಕ್ರಮದ ದಿನ ಬೆಳಿಗ್ಗೆಯೇ ಬರ್ಕಾಕ್ಕೆ ಲಾರಿ ಹೊರಟಿತು. ಜಾಗ ಒಂದು ದೊಡ್ಡ ತೋಟ: ಖರ್ಜೂರದ ಮರಗಳ ನಡುವೆ ಹುಲ್ಲುಹಾಸು, ಒಂದು ಬದಿಗೆ ಮಣ್ಣಿನ ಗೋಡೆ, ಅದರಾಚೆ ಸ್ವಲ್ಪ ದೂರದಲ್ಲಿ ಕಡಲು. ಕುರ್ಚಿಗಳು ಹಿಂದೆ ಗೇಟಿನವರೆಗೂ ಹೋಗಿದ್ದವು. ನಾವು ಯಾವಾಗಲೂ ಮಾಡುವ ಹಾಗೇ ಮಾಡಿದೆವು: ಸ್ಟೇಜಿನ ಎರಡೂ ಬದಿಗೆ ಸ್ಪೀಕರುಗಳ ಎರಡು ಎತ್ತರದ ಟವರು. ಮಧ್ಯಾಹ್ನ ತಂಡ ಬಂತು, ಮೈಕು ಇಟ್ಟೆ, ನಿಧಾನ ಏರಿಸಿದೆ.

ಮೊದಲ ಹತ್ತು ಸಾಲಿಗೆ ಕೇಳುವ ಮೊದಲೇ ಕೂಗು ಎದ್ದಿತು. ಕೂಗಿದ ಸ್ವರವನ್ನು ಹುಡುಕಿ ಅದೊಂದನ್ನೇ ಕತ್ತರಿಸಿದೆ. ಬೇರೊಂದು ಸ್ವರ ಎದ್ದಿತು. ಅದನ್ನೂ ಕತ್ತರಿಸಿದೆ. ಹೀಗೆ ಕತ್ತರಿಸುತ್ತ ಹೋದರೆ ಬ್ಯಾಂಜೋ ತಗಡಿನ ಡಬ್ಬದ ಹಾಗೆ ಕೇಳತೊಡಗಿತು. ಅಷ್ಟರಲ್ಲಿ ಕಡಲಿನ ಗಾಳಿ ಶುರುವಾಯಿತು. ಮೈಕಿಗೆ ಸ್ಪಂಜಿನ ಟೋಪಿ ಹಾಕಿದರೂ ಸ್ಪೀಕರಿನಲ್ಲಿ ಗುಡುಗುಡು. ಗಾಳಿಯ ಗುಡುಗು ತೆಗೆಯಲು ಕೆಳಗಿನ ಸ್ವರಗಳನ್ನು ಕತ್ತರಿಸಿದರೆ ಬೇಸು ಕಾಣೆಯಾಯಿತು.

ಕಾರ್ಯಕ್ರಮ ಇಟ್ಟುಕೊಂಡ ಒಮಾನಿ ಯುವಕ ಬಿಳಿ ನಿಲುವಂಗಿ ದಿಶ್ದಾಶಾದಲ್ಲಿ ಗೇಟಿನ ಹತ್ತಿರದ ಕಡೇ ಕುರ್ಚಿಯಲ್ಲಿ ಕೂತಿದ್ದ. ಅಲ್ಲಿಂದ ಮೆಲ್ಲಗೆ ಎದ್ದು ಬಂದು, “ಸಿಸ್ಟರ್, ಅಲ್ಲಿ ಏನೂ ಇಲ್ಲ” ಎಂದು ವಿನಯದಿಂದ ಹೇಳಿ ಹೋದ. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಧಣಿ ಫೋನು ಕಿವಿಗಿಟ್ಟುಕೊಂಡೇ ಬಂದರು. “ದುಬೈಯವನು ಹೇಳ್ತಾನೆ, ಪ್ರತಿ ವಾದ್ಯಕ್ಕೆ ಕ್ಲಿಪ್ ಮೈಕ್ ಹಾಕಿ, ಖಲಾಸ್ ಅಂತ. ಲಾರಿಯಲ್ಲಿ ಉಂಟಲ್ಲ, ಹಾಕಿ.”

“ಅವರು ಒಪ್ಪುದಿಲ್ಲ ಧಣಿ.”

“ಕೇಳಿ ನೋಡಿ ಮಾರಾಯ್ತಿ!”

ಕೇಳಿದೆ. ಬ್ಯಾಂಜೋದವಳು ಸಿಟ್ಟು ಮಾಡಲಿಲ್ಲ. ಆದರೆ, ಕ್ಲಿಪ್ ಹಾಕುವುದಾದರೆ ಮೈಕೇ ಬೇಡ, ಹುಲ್ಲಿನ ಮೇಲೆ ಜನರ ನಡುವೆ ನಿಂತು ಹಾಗೆಯೇ ನುಡಿಸುತ್ತೇವೆ, ಎಷ್ಟು ಜನರಿಗೆ ಕೇಳುತ್ತದೋ ಅಷ್ಟು ಸಾಕು ಎಂದಳು. ಅವಳಿಗೆ ಸಾಕು. ನನಗೆ ಕಡೇ ಸಾಲು ಬೇಕಲ್ಲ! ಅವಳ ಹಟಕ್ಕೆ ನನ್ನ ಸೀಸನ್ ಹೋಗುತ್ತದಲ್ಲಾ ಎಂದು ಅವಳ ಮೇಲೂ ಒಂದು ಕ್ಷಣ ಕೆಟ್ಟ ಸಿಟ್ಟು ಬಂತು.

ಡೆಸ್ಕಿಗೆ ವಾಪಸು ಬಂದು ನೀರು ಕುಡಿದು ಆ ಕುರ್ಚಿಗಳ ಸಾಲನ್ನೇ ನೋಡುತ್ತ ಕೂತೆ. ಉದ್ದಕ್ಕೆ, ನೇರಕ್ಕೆ, ಮಧ್ಯೆ ಓಡಾಡಲು ದಾರಿ. ಥೇಟ್ ಹೋಟೆಲಿನ ಹಾಲು. ಹಾಲಿನಲ್ಲಿ ನಾನು ಎಂದಾದರೂ ಮುಂದೆ ಎರಡು ದೊಡ್ಡ ಟವರು ಇಟ್ಟು ಹಿಂದಿನವರಿಗೆ ಕೇಳಲಿ ಎಂದು ಬೊಬ್ಬೆ ಹೊಡೆಸಿದ್ದುಂಟೇ? ಇಲ್ಲವೇ ಇಲ್ಲ. ಗೋಡೆಯುದ್ದಕ್ಕೂ ಪುಟ್ಟ ಸ್ಪೀಕರು ಇಡುತ್ತೇನೆ. ಪ್ರತಿಯೊಂದೂ ತನ್ನ ಹತ್ತಿರದ ನಾಲ್ಕು ಸಾಲಿಗೆ ಮಾತ್ರ ಮೆತ್ತಗೆ ಹೇಳುತ್ತದೆ. ಯಾವುದೂ ಜೋರಿಲ್ಲ, ಆದ್ದರಿಂದ ಮೈಕಿಗೆ ಯಾವುದೂ ಕೇಳುವುದಿಲ್ಲ. ಹೊರಗಿನ ಕೆಲಸಕ್ಕೆ ಹೊರಗಿನ ಸಾಮಾನೇ ಬೇಕೆಂದು ನನಗೆ ಹೇಳಿದವರು ಯಾರು? ನಾನೇ ನಂಬಿಕೊಂಡದ್ದು.

“ಕಾಕಾ, ಗೋದಾಮಿಂದ ಹಾಲಿನ ಪುಟ್ಟ ಸ್ಪೀಕರ್ ಎಲ್ಲ ಬರ್ಬೇಕು. ಎಲ್ಲ ಅಂದ್ರೆ ಎಲ್ಲ. ಸ್ಟ್ಯಾಂಡೂ.”

ಕಾಕ ಯಾಕೆ ಎಂದು ಕೇಳಲಿಲ್ಲ. “ಯಲ್ಲಾ,” ಎಂದು ಪಿಕಪ್ಪಿನ ಕೀ ತೆಗೆದುಕೊಂಡು ಹೋದರು.

ಧಣಿ ಕೇಳಿದರು, ಅದೂ ಊರಿಗೆಲ್ಲ ಕೇಳುವ ಹಾಗೆ. “ಟವರ್ ಬಂದ್ ಮಾಡ್ತೀರಾ? ಆ ಆಟಿಕೆಗಳನ್ನಿಟ್ಟು ಬಯಲಲ್ಲಿ ಪ್ರೋಗ್ರಾಮಾ? ತಲೆ ಸರಿ ಉಂಟಾ ಬಾಯಮ್ಮ?”

“ಈ ಶೋ ನಂದು ಅಂತ ನೀವೇ ಹೇಳಿದ್ದಲ್ವಾ? ಹಾಗಾದ್ರೆ ಮಾಡ್ಲಿಕ್ಕೆ ಬಿಡಿ. ಹಾಳಾದ್ರೆ ನಾನೇ ನಾಳೆ ಹಾಲಿಗೆ ಹೋಗ್ತೇನೆ, ನೀವು ಹೇಳ್ಲಿಕ್ಕೂ ಇಲ್ಲ.”

ಧಣಿ ನನ್ನನ್ನು ಮೇಲೆ ಕೆಳಗೆ ನೋಡಿ, “ಆಯ್ತು. ನಿಮ್ಮ ತಲೆ ಮೇಲೆ,” ಎಂದು ಫೋನು ಜೇಬಿಗೆ ಹಾಕಿಕೊಂಡರು.

ಕಾಕ ಬರುವಷ್ಟರಲ್ಲಿ ಲಾರಿಯನ್ನು ಸ್ಟೇಜಿನ ಹಿಂದೆ ಕಡಲಿನ ಗಾಳಿಗೆ ಅಡ್ಡಲಾಗಿ ನಿಲ್ಲಿಸಿದೆ. ಗಾಳಿ ಲಾರಿಗೆ ಬಡಿದು ಮೇಲಿಂದ ಹೋಯಿತು, ಮೈಕಿನ ಗುಡುಗುಡು ಮುಕ್ಕಾಲು ಪಾಲು ನಿಂತಿತು, ಬೇಸನ್ನು ವಾಪಸು ತಂದೆ. ಪುಟ್ಟ ಸ್ಪೀಕರುಗಳನ್ನು ದಾರಿಯ ಎರಡೂ ಬದಿಗೆ ಗೇಟಿನವರೆಗೆ ನಿಲ್ಲಿಸಿ ಕೇಬಲುಗಳನ್ನು ಕಾರ್ಪೆಟ್ಟಿನಡಿ ಮುಚ್ಚಿದೆವು. ಇನ್ನೊಂದು ಮುಖ್ಯ ಕೆಲಸವಿತ್ತು. ತಂತಿಯಲ್ಲಿ ಸದ್ದು ತಕ್ಷಣ ಹೋಗುತ್ತದೆ, ಗಾಳಿಯಲ್ಲಿ ನಿಧಾನ ಹೋಗುತ್ತದೆ. ಹಾಗೆಯೇ ಬಿಟ್ಟರೆ ಹಿಂದಿನವರಿಗೆ ಪಕ್ಕದ ಸ್ಪೀಕರು ಮೊದಲು ಕೇಳಿ, ಸ್ಟೇಜಿನದು ಆಮೇಲೆ ಕೇಳಿ, ಮಾತು ಎರಡೆರಡಾಗುತ್ತದೆ. ಆದ್ದರಿಂದ ಟೇಪು ಹಿಡಿದು ಅಳೆದು, ಮೀಟರಿಗೆ ಸುಮಾರು ಮೂರು ಮಿಲಿಸೆಕೆಂಡಿನಂತೆ ಒಂದೊಂದು ಜೋಡಿ ಸ್ಪೀಕರನ್ನು ತಡಮಾಡಿಸಿದೆ. ಕಾಕ ಮೈಕಿನ ಮುಂದೆ ನಿಂತು ಚಪ್ಪಾಳೆ ತಟ್ಟುತ್ತಲೇ ಇದ್ದರು, ನಾನು ಸಾಲಿನಿಂದ ಸಾಲಿಗೆ ನಡೆದೆ. ಕಡೇ ಕುರ್ಚಿಯಲ್ಲಿ ಕೂತಾಗ ಚಪ್ಪಾಳೆ ಒಂದೇ ಆಗಿ, ಕಾಕನ ಕೈಯಿಂದಲೇ ಬಂದ ಹಾಗೆ ಕೇಳಿತು. ಅಬ್ಬಾ ಎಂದೆ.

ಸೂರ್ಯ ಮುಳುಗಿ ಮಗ್ರಿಬ್ ಅಜಾನ್ ಮುಗಿದು ಜನ ತುಂಬಿದರು. ಮುಂದೆ ಅತಿಥಿಗಳು, ನಡುವೆ ನಮ್ಮಂಥ ಪರದೇಶಿ ಕುಟುಂಬಗಳು, ಹಿಂದೆ ಗೇಟಿನ ಬಳಿ ಆಚೆಯ ಮೀನುಗಾರರ ಕೇರಿಯಿಂದ ಬಂದ ಮುದುಕರು ಕೋಲು ಊರಿಕೊಂಡು ಕೂತಿದ್ದರು. ಮೊದಲ ಹಾಡಿಗೆ ಜನ ಮಾತಾಡುತ್ತಲೇ ಇದ್ದರು. ಒಮಾನಿ ಯುವಕ ಬಂದು, “ಕೇಳುತ್ತದೆ ಸಿಸ್ಟರ್, ಆದರೆ ಜೋರಿಲ್ಲ” ಎಂದ. ಎರಡು ಹಾಡು ಕಾಯಿರಿ ಎಂದೆ. ಹೇಳಿದೆ ನಿಜ, ಬೆರಳು ಮಾತ್ರ ಏರಿಸಲು ತುರಿಸುತ್ತಿತ್ತು. ಮೂರನೆಯ ಹಾಡಿನಲ್ಲಿ ಜನ ತಾವೇ ಸುಮ್ಮನಾದರು. ಜೋರಾಗಿ ಕೇಳಿಸಿದರೆ ಜನ ಅದರ ಮೇಲೆ ಮಾತಾಡುತ್ತಾರೆ. ಮೆತ್ತಗೆ, ಆದರೆ ಸ್ಪಷ್ಟವಾಗಿ ಕೇಳಿಸಿದರೆ ಬಾಯಿ ಮುಚ್ಚುತ್ತಾರೆ. ಇದು ನನಗೆ ಬ್ಯಾಂಕಿನವರ ಮೀಟಿಂಗಿನಿಂದಲೇ ಗೊತ್ತಿತ್ತು.

ಕೊನೆಗೆ ಧಣಿಯನ್ನು ಕರೆದರು. ಧಣಿ ಕೋಟು ಹಾಕಿಕೊಂಡಿದ್ದರು. ಬಂದವರೇ ಮೈಕಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಮೊದಲ ಸಾಲು ಎತ್ತಿದರು. ಇಪ್ಪತ್ತು ಸ್ಪೀಕರುಗಳೂ ಒಟ್ಟಿಗೆ ಒಡೆದುಹೋದ ಸ್ವರದಲ್ಲಿ ಗರ್ಜಿಸಿದವು. ಮುಂದಿನ ಸಾಲಿನವರು ಮುಖ ಹಿಂಡಿದರು. ನಾನು ಇಳಿಸಬಹುದಿತ್ತು. ಆದರೆ ಮೈಕು ಒಂದೇ. ಅವರನ್ನು ಇಳಿಸಿದರೆ ಸುತ್ತ ನಿಂತ ಐವರೂ ಇಳಿದು ಕಾಣೆಯಾಗುತ್ತಾರೆ. ಹಾಗೆಯೇ ಬಿಟ್ಟರೆ ಇಡೀ ಸಂಜೆ ಮಾಡಿದ್ದೆಲ್ಲ ನೀರಿಗೆ ಹೋಗುತ್ತದೆ. ಧಣಿಗೆ ಸ್ಟೇಜಿನ ಮೇಲೆ ತಮ್ಮ ಸ್ವರ ಸರಿ ಕೇಳುತ್ತಿರಲಿಲ್ಲ, ಮಾನಿಟರ್ ಇಲ್ಲವಲ್ಲ. ಅವರು ನನ್ನ ಕಡೆ ನೋಡಿ ಬೆರಳು ಮೇಲೆತ್ತಿದರು. ಏರಿಸು!

ನಾನು ಎರಡೂ ಕೈಗಳನ್ನು ಡೆಸ್ಕಿನಿಂದ ತೆಗೆದು ಅವರಿಗೆ ಕಾಣುವ ಹಾಗೆ ಎತ್ತಿ ಹಿಡಿದೆ. ತಲೆ ಅಲ್ಲಾಡಿಸಿದೆ. ಆಮೇಲೆ ಅಷ್ಟೂ ಜನರ ಎದುರು, ಸಂಬಳ ಕೊಡುವ ಧಣಿಗೆ, ಅಂಗೈ ತಳ್ಳಿ ತೋರಿಸಿದೆ: ಹಿಂದೆ ಹೋಗಿ.

ಧಣಿಯ ಮುಖ ಕೆಂಪಾಯಿತು. ಸಾಲು ಅರ್ಧಕ್ಕೆ ನಿಂತಿತು. ಬೇಸಿನವನು ಒಂದೇ ಸ್ವರವನ್ನು ಮೀಟುತ್ತ ಹೊತ್ತು ಕಳೆದ. ಆಗ ಬ್ಯಾಂಜೋದವಳು ತಾನೇ ಒಂದು ಹೆಜ್ಜೆ ಹಿಂದೆ ಸರಿದಳು. ಪಿಟೀಲು ಸರಿಯಿತು, ಗಿಟಾರು ಸರಿಯಿತು. ವೃತ್ತ ದೊಡ್ಡದಾಯಿತು, ನಡುವೆ ಧಣಿ ಒಬ್ಬರೇ ಮೈಕಿಗೆ ಅಂಟಿಕೊಂಡು ಉಳಿದರು. ಸುತ್ತ ನೋಡಿದರು. ನನ್ನನ್ನು ನೋಡಿದರು. ನಾನು ಕೈ ಇಳಿಸಲಿಲ್ಲ. ಧಣಿ ಒಂದು ಹೆಜ್ಜೆ ಹಿಂದೆ ಹೋದರು. ಇನ್ನೊಂದು. ಕೈಗಳು ಮೈಕಿಲ್ಲದೆ ಏನು ಮಾಡಬೇಕೆಂದು ತಿಳಿಯದೆ ಒದ್ದಾಡಿ, ಕೊನೆಗೆ ಮುಂದೆ ಬಂದು ಇಲ್ಲದ ಹಗ್ಗವನ್ನು ಹಿಡಿದವು.

ಆಮೇಲೆ ಹಾಡಿದರು. ಅದು ಆರ್ಕೆಸ್ಟ್ರಾದ ಸ್ವರವೇ ಅಲ್ಲ. ಅಲೆಗಳ ಸದ್ದಿನಲ್ಲಿ ಹಗ್ಗದ ಆ ತುದಿಯವನಿಗೆ ಕೇಳಿಸಲೆಂದೇ ಇರುವ ಸ್ವರ, ಒರಟು, ತೆರೆದ ಸ್ವರ. ಒಂದೊಂದು ಸಾಲಿಗೂ ಐವರು ‘ಹೋಯ್’ ಎಂದರು, ಬ್ಯಾಂಜೋ ಅದರ ಹಿಂದೆ ಓಡಿತು. ನಾನು ಡೆಸ್ಕು ಬಿಟ್ಟು ದಾರಿಯಲ್ಲಿ ಹಿಂದಿನ ಸಾಲುಗಳತ್ತ ನಡೆದೆ. ಅರ್ಧ ದಾರಿಯಲ್ಲಿದ್ದಾಗ ನನ್ನ ಬೆನ್ನ ಹಿಂದಿನಿಂದಲ್ಲ, ಮುಂದಿನಿಂದ, ಗೇಟಿನ ಕಡೆಯಿಂದ ಒಂದು ಸದ್ದು ಬಂತು. ಕಡೇ ಸಾಲಿನ ಮುದುಕರು ಕೋಲನ್ನು ನೆಲಕ್ಕೆ ಕುಟ್ಟಿ, ಧಣಿಯ ಸಾಲು ಮುಗಿದ ಕೂಡಲೇ, ಎಳೆಯುವ ಜಾಗಕ್ಕೆ ಸರಿಯಾಗಿ, ತಮ್ಮ ಕಡಲಿನ ‘ಹೇ’ಯನ್ನು ಸೇರಿಸುತ್ತಿದ್ದರು. ತುಳು ಅವರಿಗೆ ಒಂದಕ್ಷರ ಬಾರದು. ಬಲೆ ಎಳೆದು ಗೊತ್ತಿತ್ತು. ಧಣಿಗೂ ಅದು ಕೇಳಿತು. ಅವರು ಕತ್ತೆತ್ತಿ ಜನರ ತಲೆಯ ಮೇಲಿಂದ ಗೇಟಿನ ಕಡೆ ನೋಡಿ, ಮುಂದಿನ ಸಾಲನ್ನು ನೇರ ಆ ಮುದುಕರಿಗೇ ಹೇಳಿದರು. ನನಗೆ ಅಳು ಬಂತು, ಅಲ್ಲೇ ದಾರಿಯ ನಡುವೆ ನಿಂತು ಅತ್ತೆ.

ಜನ ಹೋದ ಮೇಲೆ ನಾವು ಕೇಬಲ್ ಸುತ್ತುತ್ತಿದ್ದೆವು. ಧಣಿ ಕೋಟು ಹೆಗಲಿಗೆ ಹಾಕಿಕೊಂಡು ಬಂದು ಡೆಸ್ಕಿನ ಪಕ್ಕ ನಿಂತರು. ಬೈಗುಳಕ್ಕೆ ತಯಾರಾದೆ.

“ನಿಜ ಹೇಳಿ ಬಾಯಮ್ಮ. ನಾನು ಹಿಂದೆ ಹೋದ ಮೇಲೆ ಏರಿಸಿದ್ದೀರಾ?”

“ಇಲ್ಲ ಧಣಿ. ನಾನು ಡೆಸ್ಕಲ್ಲೇ ಇರ್ಲಿಲ್ಲ.”

“ಇರ್ಲಿಲ್ವಾ?” ಎಂದರು. ಆಮೇಲೆ ಫೋನು ತೆಗೆದು, ನನ್ನ ಎದುರಿಗೇ ದುಬೈಯವನಿಗೆ ಕರೆ ಮಾಡಿದರು. ಹಿಂದಿಯಲ್ಲಿ ಮಾತು. ಇಲ್ಲ ಭಾಯ್, ಈ ಸಲ ಬರುವುದು ಬೇಡ, ಇಲ್ಲ, ಮುಂದಿನ ತಿಂಗಳೂ ಬೇಡ. ಆ ಕಡೆಯವನು ಏನೋ ಕೇಳಿರಬೇಕು, ಬೇರೆ ಯಾರನ್ನು ಇಟ್ಟುಕೊಂಡೆ ಎಂದು. ಧಣಿ ನನ್ನನ್ನು ನೋಡುತ್ತಲೇ ಉತ್ತರ ಕೊಟ್ಟರು:

“ಹೈ ಏಕ್. ಮುಝೇ ಭೀ ಪೀಛೇ ಹಟಾ ದೇತೀ ಹೈ.”

ಇದ್ದಾಳೆ ಒಬ್ಬಳು. ನನ್ನನ್ನೇ ಹಿಂದೆ ಸರಿಸುತ್ತಾಳೆ.